ಶರಾವತಿ ಹಿನ್ನೀರಿನ ಕಾಡುದಾರಿಯಲ್ಲಿ ಸೈಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಗೆ ರೋಡ್ ಸೈಕಲ್ ಹೊತ್ತು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಕಾಡಿನೊಳಗೆ ಮತ್ತೆ ಕೇಳೋಣವೆಂದರೆ ಫೋನು ಹತ್ತುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದೆ.

ಯಾವ ದಾರಿಯ ಮಾತು ಇದು?

ಸಾಗರದಿಂದ ಹೊರಟು ತಾಳಗುಪ್ಪ, ಜೋಗ, ಕಾರ್ಗಲ್, ಅರಲಗೋಡು, ಕೋಗಾರು, ತುಮರಿ, ಸಿಗಂದೂರು ಮುಟ್ಟಿ, ಹಿನ್ನೀರಿನ ಮೇಲಿನ ಸೇತುವೆ ದಾಟಿ, ಆವಿನಹಳ್ಳಿಯ ಮೇಲೆ ಮತ್ತೆ ಸಾಗರಕ್ಕೆ ಬರುವ ಸುತ್ತು. ಲಿಂಗನಮಕ್ಕಿ ಜಲಾಶಯವನ್ನು ಬಲಗಡೆಗೋ ಎಡಗಡೆಗೋ ಇಟ್ಟುಕೊಂಡೇ ಸಾಗುವ ದಾರಿ ಇದು. ಕಾರ್ಗಲ್ ದಾಟಿದ ಮೇಲೆ ಬಹುಪಾಲು ಶರಾವತಿ ಕಣಿವೆಯ ಅಭಯಾರಣ್ಯದ ಒಳಗೇ ಹೋಗುತ್ತದೆ. 1972ರಲ್ಲಿ ಘೋಷಣೆಯಾದ ಈ ಅಭಯಾರಣ್ಯವನ್ನು 2019ರಲ್ಲಿ ಅಘನಾಶಿನಿ ಕಡೆಯ ಕಾಡುಗಳ ಜೊತೆ ಸೇರಿಸಿ ಸಿಂಗಳೀಕ (ಸಿಂಹಬಾಲದ ಕೋತಿ) ಅಭಯಾರಣ್ಯ ಎಂದು ಹೆಸರಿಟ್ಟರು. ಈಗ ಅದರ ವಿಸ್ತಾರ 930 ಚದರ ಕಿಲೋಮೀಟರ್.

ಪೂರ್ತಿ ಸುತ್ತು ನೂರು ಕಿಲೋಮೀಟರ್ ದಾಟಿಯೇ ದಾಟುತ್ತದೆ. ಅಷ್ಟು ಬೇಡವೆಂದರೆ ಸಾಗರದಿಂದ ಸೇತುವೆ ದಾಟಿ ಸಿಗಂದೂರಿಗೆ ಹೋಗಿ ಅದೇ ದಾರಿಯಲ್ಲಿ ಮರಳಬಹುದು, ಒಂದು ದಿಕ್ಕಿಗೆ 40 ಕಿಲೋಮೀಟರ್ ಆಸುಪಾಸು. ಆದರೆ ಕಾಡು ನೋಡಬೇಕೆಂದು ಬಂದವರಿಗೆ ಇದರಿಂದ ಮನಸ್ಸು ತುಂಬುವುದಿಲ್ಲ. ಕಾಡು ಇರುವುದು ಕಾರ್ಗಲ್‌ನಿಂದ ಕೋಗಾರಿನ ಮಧ್ಯೆ.

ದೊಡ್ಡ ಘಾಟಿ ಏನಾದರೂ ಹತ್ತಬೇಕೆ?

ಇಲ್ಲ. ಮೋಸ ಇರುವುದೇ ಅಲ್ಲಿ. ನಕ್ಷೆಯಲ್ಲಿ ಎತ್ತರ ನೋಡಿದವರು ‘ಇಷ್ಟೇನಾ’ ಎಂದುಕೊಂಡು ಹೊರಡುತ್ತಾರೆ. ಲಿಂಗನಮಕ್ಕಿ ತುಂಬಿದಾಗಿನ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಅಂದರೆ ಸುಮಾರು 554 ಮೀಟರ್. ರಸ್ತೆ ಆ ಮಟ್ಟದಿಂದ ಬಹಳ ಮೇಲೇನೂ ಹೋಗುವುದಿಲ್ಲ. ಕೆಮ್ಮಣ್ಣುಗುಂಡಿಯ ಹಾಗೆ ಒಂದೇ ಸಮ ಹತ್ತಿ ನೆತ್ತಿ ಮುಟ್ಟಿ ‘ಗೆದ್ದೆ’ ಎನ್ನುವ ಸುಖ ಇಲ್ಲಿ ಸಿಗುವುದಿಲ್ಲ.

ಇಲ್ಲಿ ಇರುವುದು ಏರು, ಇಳಿ, ತಿರುವು, ಹಳ್ಳ, ಮತ್ತೆ ಏರು. ಅಣೆಕಟ್ಟು ಮುಗಿದ 1964ರ ನಂತರ ಹಳೆಯ ಊರುದಾರಿಗಳೆಲ್ಲ ನೀರಿನಡಿ ಹೋದವು. ನೀರು ಪ್ರತಿ ಕಣಿವೆಯೊಳಗೂ ಬೆರಳು ಚಾಚಿ ನಿಂತಿತು. ಉಳಿದ ರಸ್ತೆ ಆ ಬೆರಳುಗಳನ್ನು ಬಳಸಿಕೊಂಡು, ಗುಡ್ಡದ ಬೆನ್ನು ಹಿಡಿದು, ಪ್ರತಿ ಹಳ್ಳಕ್ಕೂ ಇಳಿದು ಮೇಲೇಳಬೇಕು. ಇಳಿಜಾರಿನಲ್ಲಿ ಸಿಕ್ಕ ವೇಗ ತಳದ ಮೋರಿಯ ಹತ್ತಿರದ ತಿರುವಿನಲ್ಲಿ ಬ್ರೇಕಿಗೆ ಹೋಗುತ್ತದೆ, ಏರಿಗೆ ಒಂದಿಷ್ಟೂ ಉಳಿಯುವುದಿಲ್ಲ. ಇಂಥ ಸಣ್ಣ ಏರುಗಳು ಮಧ್ಯಾಹ್ನದ ಹೊತ್ತಿಗೆ ತೊಡೆಯನ್ನು ಹಿಂಡಿಬಿಡುತ್ತವೆ. ಮೊದಲ ಅರ್ಧದಲ್ಲಿ ಗೆಳೆಯರ ಜೊತೆ ಜಿದ್ದಿಗೆ ಬಿದ್ದು ತುಳಿದವರು ತುಮರಿಯ ಅಂಗಡಿ ಕಟ್ಟೆಯಲ್ಲಿ ಕಾಲು ಚಾಚಿ ಕೂತಿರುವುದು ಇಲ್ಲಿಯವರಿಗೆ ಹೊಸ ನೋಟವಲ್ಲ.

ಹಾಗಾದರೆ ಗೇರು, ಟೈರು ಹೇಗಿರಬೇಕು?

ಮುಂದಿನ ಹಲ್ಲುಚಕ್ರಗಳಿಗೆ 50/34 ಹಲ್ಲು, ಹಿಂದಿನವಕ್ಕೆ 11-34 ಇದ್ದರೆ ನೆಮ್ಮದಿ. ಹಿಂದಿನ ದೊಡ್ಡ ಹಲ್ಲುಚಕ್ರ 25ಕ್ಕೇ ನಿಂತರೆ ಮಂಡಿಗೆ ಶಿಕ್ಷೆ. ಟೈರು 28 ಮಿಲಿಮೀಟರ್‌ಗಿಂತ ಸಪೂರ ಬೇಡ, ಸೈಕಲ್ ಒಪ್ಪಿದರೆ 32 ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಡಿ. ಡಾಂಬರು ಒಂದೆಡೆ ಕನ್ನಡಿಯಂತಿದ್ದರೆ ಮುಂದಿನ ತಿರುವಿನಲ್ಲಿ ಕಿತ್ತು ಹೋಗಿರುತ್ತದೆ. ಪಕ್ಕದ ಧರೆಯಿಂದ ಮಳೆ ತೊಳೆದು ತಂದ ಜಂಬಿಟ್ಟಿಗೆಯ ಕೆಂಪು ಹರಳು ತಿರುವಿನ ಒಳಬದಿಗೆ ಗುಡ್ಡೆಯಾಗಿರುತ್ತದೆ. ಅದರ ಮೇಲೆ ಸೈಕಲ್ ವಾಲಿಸಿದರೆ ಮೊಣಕೈ ಚರ್ಮ ಅಲ್ಲೇ ಉಳಿಯಿತು ಎಂದೇ ಲೆಕ್ಕ.

ಊರಿನ ಮಕ್ಕಳು ಗೇರಿಲ್ಲದ ಸೈಕಲ್‌ನಲ್ಲಿ ಇದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾರೆ. ಏರು ಬಂದರೆ ಇಳಿದು ಮಾತಾಡಿಕೊಂಡು ತಳ್ಳುತ್ತಾರೆ. ನೀವೂ ತಳ್ಳಿದರೆ ಇಲ್ಲಿ ಯಾರೂ ನಗುವುದಿಲ್ಲ.

ಅರಣ್ಯ ಇಲಾಖೆಯ ಅನುಮತಿ ಬೇಕೆ?

ಡಾಂಬರು ರಸ್ತೆ ಬಿಡದಿದ್ದರೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಪ್ರತ್ಯೇಕ ಪರವಾನಗಿ ಅಗತ್ಯವಿಲ್ಲ. ರಸ್ತೆ ಬಿಟ್ಟು ಒಳದಾರಿ ಹಿಡಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಕೋಗಾರಿನ ಕಡೆಯಿಂದ ಕಾನೂರು ಕೋಟೆಗೆ ಹೋಗಬೇಕೆಂಬ ಆಸೆ ಬಹಳ ಜನರಿಗೆ. ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಕೋಟೆ ಎಂದರೆ ಆಸೆಯಾಗುವುದು ಸಹಜ. ಅದು ದಟ್ಟ ಕಾಡಿನೊಳಗಿದೆ, ಇಲಾಖೆಯ ಒಪ್ಪಿಗೆ ಇಲ್ಲದೆ ಹೋಗುವಂತಿಲ್ಲ. ಅದಲ್ಲದೆ ರೋಡ್ ಸೈಕಲ್ ಹೋಗುವ ದಾರಿಯೂ ಅದಲ್ಲ.

ಇನ್ನೊಂದು ಮಾತು. ಬೇಲಿಯ ದಣಪೆ ಸರಿಸಿ ಒಳಗೆ ಹೋಗಿ ಫೋಟೊ ತೆಗೆಯುವ ಜಾಗ ಕಾಡಲ್ಲ, ಯಾರದೋ ಅಡಿಕೆ ತೋಟ. ಕೇಳಿ ಹೋಗಿ.

ಹಿನ್ನೀರು ದಾರಿಯುದ್ದಕ್ಕೂ ಕಾಣುತ್ತದೆಯೇ?

ಕಾಣುವುದಿಲ್ಲ. ಚಿತ್ರ ನೋಡಿ ಬಂದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ಹೆಚ್ಚಿನ ಹೊತ್ತು ನಿಮ್ಮ ಪಕ್ಕ ಇರುವುದು ಮರ. ಯಾವುದೋ ತಿರುವಿನಲ್ಲಿ ಮರಗಳ ಸಂದಿನಿಂದ ನೀರು ಹೊಳೆದು ಮರೆಯಾಗುತ್ತದೆ. ಕಣ್ಣು ತುಂಬ ನೋಡಲು ಸಿಗುವುದು ಸೇತುವೆಯ ಮೇಲೆ, ಹೊಳೆಬಾಗಿಲಿನ ದಡದಲ್ಲಿ, ಕಾರ್ಗಲ್ ಹತ್ತಿರದ ಮುಪ್ಪಾನೆಯಲ್ಲಿ, ತಾಳಗುಪ್ಪದಿಂದ ಒಳಗೆ ಹೋದರೆ ಹೊನ್ನೆಮರಡುವಿನಲ್ಲಿ.

ನೀರು ಕಾಣದಿದ್ದರೂ ಕಾಡಿನ ಬದಲಾವಣೆ ಮೈಗೆ ಗೊತ್ತಾಗುತ್ತದೆ. ಅಕೇಶಿಯಾ ನೆಡುತೋಪಿನ ಪಕ್ಕ ಹೋಗುವಾಗ ರಸ್ತೆ ಕಾದಿರುತ್ತದೆ, ಹಕ್ಕಿಯ ಸದ್ದೂ ಕಡಿಮೆ. ಅಲ್ಲಿಂದ ಕಾನಿನೊಳಗೆ, ಅಂದರೆ ದಟ್ಟ ಹಸಿರುಕಾಡಿನೊಳಗೆ, ನುಗ್ಗಿದರೆ ಬೆವರಿದ ಬೆನ್ನಿಗೆ ತಂಪು ತಟ್ಟುತ್ತದೆ, ಡಾಂಬರಿನ ಅಂಚಿಗೆ ಪಾಚಿ ಹತ್ತಿರುತ್ತದೆ, ಮೇಲೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹೋದ ಸದ್ದು ಕೇಳುತ್ತದೆ. ಬೇಸಿಗೆಯ ನಡುಹಗಲಲ್ಲಿ ಈ ವ್ಯತ್ಯಾಸ ಎಷ್ಟೆಂದರೆ, ವಿಶ್ರಾಂತಿಗೆ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸೇತುವೆಯ ಮೇಲೆ ಸೈಕಲ್ ಹೊಡೆಯಬಹುದೇ?

ಧಾರಾಳವಾಗಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ 2.44 ಕಿಲೋಮೀಟರ್ ಉದ್ದದ ಈ ಕೇಬಲ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಬಸ್ಸು, ಕಾರು, ಬೈಕು, ಹಸಿರು ಹುಲ್ಲಿನ ಹೊರೆ, ಮದುವೆ ದಿಬ್ಬಣ ಎಲ್ಲವೂ ಲಾಂಚ್ ಹತ್ತಿಯೇ ದಾಟಬೇಕಿತ್ತು. ಲಾಂಚ್ ತಪ್ಪಿದರೆ ಕೋಗಾರಿನ ಮೇಲೆ ಸುತ್ತಿಕೊಂಡು ಬರಬೇಕು. ಅಂದರೆ ನೀವು ಖುಷಿಗೆ ತುಳಿಯುವ ಈ ಸುತ್ತು ಕರೂರು-ಬಾರಂಗಿ ಹೋಬಳಿಯವರಿಗೆ ಆಸ್ಪತ್ರೆಗೆ ಹೋಗುವ ದಾರಿಯಾಗಿತ್ತು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ತಮ್ಮನ್ನು ದ್ವೀಪ ಮಾಡಿತು ಎಂದು ಅವರು ದಶಕಗಳಿಂದ ಹೇಳುತ್ತಿದ್ದುದು ಬರೀ ಮಾತಿನ ಚೆಂದಕ್ಕಲ್ಲ.

ಸೇತುವೆಯಲ್ಲಿ ಎರಡು ಎಚ್ಚರಿಕೆ. ತೆರೆದ ನೀರಿನ ಮೇಲೆ ಬರುವ ಅಡ್ಡಗಾಳಿ ಮಧ್ಯಾಹ್ನದ ಮೇಲೆ ಜೋರಾಗುತ್ತದೆ, ಎತ್ತರದ ರಿಮ್ ಇರುವ ಚಕ್ರವನ್ನು ಅದು ಪಕ್ಕಕ್ಕೆ ತಳ್ಳುತ್ತದೆ. ಇನ್ನೊಂದು, ಮುಂದೆ ಹೋಗುತ್ತಿರುವ ಕಾರು ಸೆಲ್ಫಿಗಾಗಿ ಯಾವ ಕ್ಷಣದಲ್ಲಾದರೂ ನಿಂತುಬಿಡಬಹುದು.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಜನವರಿ. ಮಳೆ ನಿಂತಿರುತ್ತದೆ, ಜಲಾಶಯದಲ್ಲಿ ನೀರಿರುತ್ತದೆ, ಕಾಡು ಹಸಿರಾಗಿರುತ್ತದೆ. ಬೆಳಿಗ್ಗೆ ಮಂಜು ದಟ್ಟವಾಗಿ ಕವಿಯುವುದರಿಂದ ಹಿಂದೆ ಮುಂದೆ ದೀಪ ಇರಲಿ. ಮಾರ್ಚ್ ದಾಟಿದರೆ ಸೆಕೆ. ಜೋಗ ನೋಡುವುದೇ ಮುಖ್ಯವಾದರೆ ಜುಲೈಯಿಂದ ಸೆಪ್ಟೆಂಬರ್. ಆದರೆ ಅದು ಸೈಕಲ್‌ನ ಕಾಲವಲ್ಲ, ಕೊಡೆಯ ಕಾಲ.

ವಾರದ ದಿನಗಳನ್ನೂ ನೋಡಿಕೊಳ್ಳಿ. ಶನಿವಾರ, ಭಾನುವಾರ, ಮಂಗಳವಾರ, ಶುಕ್ರವಾರ ಸಿಗಂದೂರು ಚೌಡೇಶ್ವರಿಗೆ ಭಕ್ತರ ಸಾಲು. ಮಕರ ಸಂಕ್ರಾಂತಿಯ ಜಾತ್ರೆ ಮತ್ತು ನವರಾತ್ರಿಯ ದಿನಗಳಲ್ಲಿ ಸೈಕಲ್ ತರಲೇಬೇಡಿ. ಸೇತುವೆ ಆದ ಮೇಲೆ ಕಾರುಗಳ ಓಡಾಟ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ಬುಧವಾರ, ಗುರುವಾರ ರಜೆ ಸಿಕ್ಕರೆ ಬಿಡಬೇಡಿ.

ಮಳೆಗಾಲದಲ್ಲೇ ಬರುತ್ತೇವೆ ಎಂದರೆ?

ಬನ್ನಿ. ಮಡ್‌ಗಾರ್ಡ್ ಹಾಕಿ, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮರ ಬಿದ್ದು ರಸ್ತೆ ಕಟ್ಟಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಮರಳುವ ಮನಸ್ಸಿಟ್ಟುಕೊಳ್ಳಿ. ಮಳೆಗಿಂತ ಪಾಚಿ ಅಪಾಯ. ಮರದ ನೆರಳಲ್ಲಿ ರಸ್ತೆಯ ನಟ್ಟನಡುವೆ, ಎರಡು ಚಕ್ರದ ಜಾಡುಗಳ ಮಧ್ಯೆ, ಹಸಿರು ಪಟ್ಟಿ ಬೆಳೆದಿರುತ್ತದೆ. ಸಪೂರ ಟೈರಿಗೆ ಅದು ಎಣ್ಣೆ ಸುರಿದ ನೆಲವೇ ಸರಿ. ವಾಹನದ ಚಕ್ರ ಓಡಾಡುವ ಜಾಡಿನಲ್ಲೇ ಸಾಗಿ.

ಇಂಬಳ (ಜಿಗಣೆ) ಕಚ್ಚುತ್ತದೆಯಂತೆ?

ಸೈಕಲ್ ಓಡುತ್ತಿರುವಾಗ ಕಚ್ಚುವುದಿಲ್ಲ, ನಿಂತಾಗ ಹತ್ತುತ್ತದೆ. ಹುಲ್ಲಿನ ಮೇಲೆ ನಿಲ್ಲದೆ ಡಾಂಬರಿನ ಮೇಲೇ ನಿಲ್ಲಿ. ಕಚ್ಚಿದ್ದರೆ ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ಸ್ವಲ್ಪ ರಕ್ತ ಹೋಗುತ್ತದೆ, ಅಷ್ಟೆ.

ಮಂಗನ ಕಾಯಿಲೆಗೆ ಹೆದರಬೇಕೆ?

ಹೆದರುವುದು ಬೇಡ, ಹಗುರವಾಗಿಯೂ ತೆಗೆದುಕೊಳ್ಳಬೇಡಿ. ಇಂಬಳಕ್ಕೆ ಕಿರುಚುವವರು ಇದರ ಬಗ್ಗೆ ಕೇಳುವುದೇ ಇಲ್ಲ ಎನ್ನುವುದು ನನ್ನ ದೂರು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ವೈರಸ್ ಜ್ವರ ಇದು. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಸುತ್ತಲ ನೆಲಕ್ಕೆ ಚೆಲ್ಲಿಹೋಗುತ್ತವೆ, ಅಲ್ಲಿ ಓಡಾಡಿದವರಿಗೆ ಹತ್ತುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಹಬ್ಬುವುದಿಲ್ಲ. 2019ರಲ್ಲಿ ಇದೇ ದಾರಿಯ ಅರಲಗೋಡು ಭಾಗದಲ್ಲಿ ಕಾಯಿಲೆ ಜೋರಾಗಿ ಹಲವರು ಜೀವ ಕಳೆದುಕೊಂಡರು.

ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ ತನಕ, ಅಂದರೆ ಸೈಕಲ್‌ಗೆ ಚೆನ್ನಾಗಿರುವ ತಿಂಗಳುಗಳ ಮೇಲೇ ಬೀಳುತ್ತದೆ. ರಸ್ತೆಯ ಮೇಲೆ ಹೋಗುವವರಿಗೆ ಅಪಾಯ ಕಡಿಮೆ. ಅಪಾಯ ಇರುವುದು ದರಕಿನಲ್ಲಿ. ಒಣಗಿದೆಲೆಯ ರಾಶಿಯ ಮೇಲೆ ಸೈಕಲ್ ಮಲಗಿಸಿ, ಪಕ್ಕದಲ್ಲೇ ತಾವೂ ಒರಗಿ ಬಾಳೆಹಣ್ಣು ಸುಲಿಯುವ ಅಭ್ಯಾಸ ಬಿಡಿ. ಹೊರಡುವ ಮುಂಚೆ ಕಾಲಿಗೆ ಉಣುಗು ನಿವಾರಕ ಹಚ್ಚಿಕೊಳ್ಳಿ. ಇಲ್ಲಿಯ ಆರೋಗ್ಯ ಇಲಾಖೆ ಕಾಡಿಗೆ ಹೋಗುವವರಿಗೆ ಕೊಡುವುದು ಡೇಪಾ ತೈಲ. ಸಂಜೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಆವತ್ತೇ ನೆನೆಹಾಕಿ. ಸಾಕ್ಸಿನ ಅಂಚು, ಮಂಡಿಯ ಹಿಂಭಾಗ, ತೊಡೆಸಂದಿಯನ್ನು ನೋಡಿಕೊಳ್ಳಿ. ಉಣುಗಿನ ಮರಿ ಎಳ್ಳಿಗಿಂತ ಚಿಕ್ಕದು.

ಊರಿಗೆ ಮರಳಿದ ವಾರ, ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಸಾಗರದ ಕಾಡಿಗೆ ಹೋಗಿದ್ದೆ’ ಎಂದು ಬಾಯಿಬಿಟ್ಟು ಹೇಳಿ. ಬೆಂಗಳೂರಿನ ವೈದ್ಯರಿಗೆ ಮೊದಲು ಹೊಳೆಯುವುದು ಡೆಂಗಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮುಂದಿನ ಊರಿನಲ್ಲಿ ತಿಳಿಸಿ.

ಕಾಡುಪ್ರಾಣಿ ಎದುರಾದರೆ?

ಹಗಲಲ್ಲಿ ಎದುರಾಗುವುದು ದನ ಮತ್ತು ನಾಯಿ. ರಸ್ತೆ ಮಧ್ಯೆ ಮಲಗಿದ ದನ ಗಂಟೆ ಬಾರಿಸಿದರೆ ಏಳುವುದಿಲ್ಲ, ನೀವೇ ಸುತ್ತಿ ಹೋಗಬೇಕು. ನಾಯಿ ಅಟ್ಟಿಕೊಂಡು ಬಂದರೆ ಇಳಿದು ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯಿರಿ, ಓಟ ನಿಂತರೆ ಅದರ ಉತ್ಸಾಹವೂ ನಿಲ್ಲುತ್ತದೆ.

ಕಾಟಿಯ, ಅಂದರೆ ಕಾಡುಕೋಣದ, ವಿಷಯ ಬೇರೆ. ಬೆಳಗಿನ ಜಾವ ಮತ್ತು ಮುಸ್ಸಂಜೆ ರಸ್ತೆ ದಾಟುತ್ತವೆ. ಸೈಕಲ್‌ಗೆ ಸದ್ದಿಲ್ಲ, ಬೈಕಿನ ಹಾಗೆ ದೂರದಿಂದಲೇ ಅವಕ್ಕೆ ಗೊತ್ತಾಗುವುದಿಲ್ಲ. ತಿರುವು ದಾಟಿ ಇಳಿಜಾರಿನಲ್ಲಿ ಏಕಾಏಕಿ ಮುಂದೆ ನಿಂತರೆ ಎರಡೂ ಕಡೆ ಗಾಬರಿ. ಒಂದು ಕಾಟಿ ದಾಟಿತೆಂದು ಹೊರಡಬೇಡಿ, ಹಿಂದೆ ಇನ್ನೂ ಇರುತ್ತವೆ. ಕಾಡಿನ ಭಾಗವನ್ನು ಬೆಳಿಗ್ಗೆ ಏಳರ ನಂತರ ಹೊಕ್ಕು ಸಂಜೆ ಐದರೊಳಗೆ ಬಿಟ್ಟುಬಿಡುವುದು ಸರಿಯಾದ ಲೆಕ್ಕ.

ಸಿಂಗಳೀಕ ನೋಡುವ ಭಾಗ್ಯ ಇದ್ದರೆ ತಲೆಯೆತ್ತಿದಾಗ ಸಿಗುತ್ತದೆ. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೂದಲು, ಬಾಲದ ತುದಿಯಲ್ಲಿ ಕುಚ್ಚು. ಅದು ಮರದಿಂದ ಮರಕ್ಕೆ ಹೋಗುವ ಪ್ರಾಣಿ, ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದರ ದಾರಿ ಸರಾಗ. ರಸ್ತೆ ಅಗಲ ಮಾಡಿದಷ್ಟೂ ಅದು ನೆಲಕ್ಕಿಳಿಯಬೇಕಾಗುತ್ತದೆ, ವಾಹನಕ್ಕೆ ಸಿಗುತ್ತದೆ. ಬಾಳೆಹಣ್ಣು, ಬಿಸ್ಕತ್ತು ಎಸೆದು ಕೆಳಗೆ ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ರಸ್ತೆ ಇಷ್ಟು ಸಪೂರವಾಗಿದೆ ಎಂದು ಗೊಣಗುವ ಸೈಕಲ್ ಸವಾರರನ್ನು ಕಂಡರೂ ಅಷ್ಟೇ. ಸಪೂರವಾಗಿರುವುದರಿಂದಲೇ ಮೇಲೆ ಮರಗಳು ಕೂಡಿಕೊಂಡಿವೆ, ನಿಮಗೆ ನೆರಳು ಸಿಕ್ಕಿದೆ.

ಪಂಕ್ಚರ್ ಆದರೆ ಯಾರು ಸಿಗುತ್ತಾರೆ?

ಸಾಗರದಲ್ಲಿ ಸೈಕಲ್ ಅಂಗಡಿಗಳಿವೆ. ಕಾರ್ಗಲ್, ತುಮರಿಯಲ್ಲಿ ಬೈಕಿನ ಪಂಕ್ಚರ್ ಹಾಕುವವರು ಸಿಕ್ಕಾರು. ನಡುವೆ ನಿಮಗೆ ನೀವೇ. ಎರಡು ಟ್ಯೂಬು, ಪ್ಯಾಚು, ಟೈರ್ ಲಿವರ್, ಕೈಪಂಪು, ಚೈನ್ ಕೊಂಡಿ ಇರಲಿ. ಇನ್ನೊಂದು ಚಿಕ್ಕ ವಸ್ತುವನ್ನು ಬಹಳ ಜನ ಮರೆಯುತ್ತಾರೆ. ರೋಡ್ ಸೈಕಲ್‌ನ ಸಪೂರ ಪ್ರೆಸ್ಟಾ ವಾಲ್ವಿಗೆ ಬೈಕ್ ಅಂಗಡಿಯ ಗಾಳಿ ಕೊಳವೆ ಕೂರುವುದಿಲ್ಲ. ಕಂಪ್ರೆಸರ್ ಗಡಗಡ ಎನ್ನುತ್ತಿರುತ್ತದೆ, ಅಂಗಡಿಯವರು ಕೊಳವೆ ಹಿಡಿದು ಆ ಕಡ್ಡಿಯಂಥ ವಾಲ್ವನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ, ಕೊನೆಗೆ ನಿಮ್ಮ ಮುಖ ನೋಡುತ್ತಾರೆ. ವಾಲ್ವಿನ ತುದಿಯನ್ನು ಸಡಿಲಿಸಿ ಅದರ ಮೇಲೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಜೇಬಿನಲ್ಲಿದ್ದರೆ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ.

ಊಟ, ನೀರು?

ಜೋಗ ಮತ್ತು ಕಾರ್ಗಲ್‌ನಲ್ಲಿ ಹೋಟೆಲುಗಳಿವೆ. ಕಾರ್ಗಲ್‌ನಲ್ಲಿ ಎರಡೂ ಬಾಟಲಿ ತುಂಬಿಕೊಂಡೇ ಹೊರಡಿ, ಮುಂದೆ ಅಂಗಡಿ ವಿರಳ. ಸಿಗಂದೂರಿನಲ್ಲಿ ಮಧ್ಯಾಹ್ನ ದೇವಸ್ಥಾನದ ಅನ್ನಪ್ರಸಾದ ಇರುತ್ತದೆ. ಊಟ ಮಾಡಿದ ಕೂಡಲೇ ಸೈಕಲ್ ಹತ್ತುವ ಶೌರ್ಯ ಬೇಡ. ದಾರಿಯಲ್ಲಿ ಎಲ್ಲಾದರೂ ಮುರುಗಲ ಹಣ್ಣಿನ ಶರಬತ್ತು ಸಿಕ್ಕರೆ ಉಪ್ಪು ಹಾಕಿಸಿ ಕುಡಿಯಿರಿ, ಪೊಟ್ಟಣದಲ್ಲಿ ಬರುವ ಶಕ್ತಿಪುಡಿಗಿಂತ ನಾಲಿಗೆಗೂ ಹೊಟ್ಟೆಗೂ ಅದು ಹಿತ. ಬಾಟಲಿ ಖಾಲಿಯಾಗಿ ಯಾರದಾದರೂ ಮನೆ ಬಾಗಿಲಲ್ಲಿ ‘ಅಮ್ಮಾ, ಸ್ವಲ್ಪ ನೀರು ಕೊಡುತ್ತೀರಾ’ ಎಂದು ಕೇಳಿದರೆ ನೀರಿನ ಜೊತೆ ಬೆಲ್ಲವೂ ಬರುವ ಸೀಮೆ ಇದು.

ದೇವಸ್ಥಾನಕ್ಕೆ ಸೈಕಲ್ ಉಡುಪಿನಲ್ಲೇ ಹೋಗಬಹುದೇ?

ಮೈಗಂಟಿದ ಚಡ್ಡಿಯಲ್ಲಿ ಹೋಗದಿರುವುದು ಮರ್ಯಾದೆ. ತೆಳ್ಳಗಿನ ಪಂಚೆಯೊಂದನ್ನು ಮಡಿಸಿ ಸೀಟಿನ ಕೆಳಗಿನ ಚೀಲಕ್ಕೆ ತುರುಕಿದರೆ ಭಾರವೇನೂ ಆಗುವುದಿಲ್ಲ.

ಮೊಬೈಲ್ ಸಿಗ್ನಲ್?

ನಂಬಬೇಡಿ. ಸಿಗ್ನಲ್‌ಗಾಗಿಯೇ ಜನ ಹೋರಾಟಕ್ಕಿಳಿದ ಹೋಬಳಿ ಇದು. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಕೋಗಾರಿನಲ್ಲಿ ಭಟ್ಕಳದ ಕಡೆಗೆ ಇಳಿದುಬಿಡದೆ ತುಮರಿಯ ಕಡೆ ತಿರುಗಬೇಕೆಂಬುದನ್ನು ತಲೆಯಲ್ಲಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ತುಮರಿ ಮುಟ್ಟುತ್ತೀರೆಂದು ಹೊರಡುವಾಗಲೇ ಯಾರಿಗಾದರೂ ಹೇಳಿರಿ.

ಹಿನ್ನೀರಿನಲ್ಲಿ ಈಜಬಹುದೇ?

ಬೇಡ. ಮುಳುಗಡೆಯ ಕಾಡಿನ ಮರದ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ, ದಡದ ಹೂಳಿನಲ್ಲಿ ಕಾಲು ಹೂತುಹೋಗುತ್ತದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಬಂದರೆ ಈ ಬೊಡ್ಡೆಗಳೂ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಹೊರಗೆ ಕಾಣುತ್ತವೆ. ಊರವರ ಬಾಯಲ್ಲಿ ಅದು ಮಡೆನೂರು ಡ್ಯಾಮ್. ಜೋಗದ ಮಹಾತ್ಮ ಗಾಂಧಿ ವಿದ್ಯುತ್ ಕೇಂದ್ರಕ್ಕೆ ಮೊದಲು ನೀರು ಕೊಟ್ಟಿದ್ದು ಅದೇ. ಲಿಂಗನಮಕ್ಕಿ ಬಂದ ಮೇಲೆ ಅಣೆಕಟ್ಟೇ ಮುಳುಗಡೆಯಾಯಿತು.

ಬೆಂಗಳೂರಿನಿಂದ ಸೈಕಲ್ ತರುವುದು ಹೇಗೆ?

ಮೈಸೂರಿನಿಂದ ಬೆಂಗಳೂರಿನ ಮೇಲೆ ಬರುವ ರಾತ್ರಿ ರೈಲಿಗೆ ತಾಳಗುಪ್ಪವೇ ಕೊನೆಯ ನಿಲ್ದಾಣ. ಎರಡೂ ಚಕ್ರ ಬಿಚ್ಚಿ ಚೀಲದಲ್ಲಿ ಕಟ್ಟಿ ತರುವುದು ಸುಲಭ, ಹಾಗೇ ತರಬೇಕೆಂದರೆ ಹೊರಡುವ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ ಲಗೇಜ್ ಆಗಿ ಬುಕ್ ಮಾಡಿ. ಗೇರು ಬದಲಿಸುವ ಹಿಂದಿನ ಡಿರೇಲರ್‌ಗೆ ಹಳೆಯ ಬಟ್ಟೆ ಸುತ್ತುವುದನ್ನು ಮರೆಯಬೇಡಿ. ಬೆಳಿಗ್ಗೆ ಇಳಿದು ಪ್ಲಾಟ್‌ಫಾರಂನಲ್ಲೇ ಚಕ್ರ ಜೋಡಿಸಿ, ಚಹಾ ಕುಡಿದು ಹೊರಟರೆ ಜೋಗ ಅಲ್ಲಿಂದ 15 ಕಿಲೋಮೀಟರ್.

ಒಂದೇ ದಿನದಲ್ಲಿ ಸುತ್ತು ಮುಗಿಸಬಹುದೇ?

ಅಭ್ಯಾಸ ಇದ್ದವರು ಮುಗಿಸುತ್ತಾರೆ. ನನ್ನ ಮಾತು ಕೇಳುವುದಾದರೆ ಜೋಗದಲ್ಲಿ ಒಂದು ರಾತ್ರಿ, ತುಮರಿ ಕಡೆಯ ಹೋಂಸ್ಟೇ ಒಂದರಲ್ಲಿ ಇನ್ನೊಂದು ರಾತ್ರಿ ಇಟ್ಟುಕೊಳ್ಳಿ. ಮೊದಲೇ ಕಾಯ್ದಿರಿಸಿ, ಊಟಕ್ಕೂ ಆಗಲೇ ಹೇಳಿಬಿಡಿ. ರಾತ್ರಿ ಎಂಟಕ್ಕೆ ಹೋಗಿ ಊಟ ಕೇಳಿದರೆ ಒಲೆ ಆರಿರುತ್ತದೆ.

ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ಹೋಗೋಣ ಎಂದಿದ್ದೇವೆ.

ಅದು ಬೇರೆಯೇ ಸವಾರಿ. ಮಾವಿನಗುಂಡಿಯಿಂದ ಗೇರುಸೊಪ್ಪೆಯ ತನಕ ರಾಷ್ಟ್ರೀಯ ಹೆದ್ದಾರಿ, ಲಾರಿಗಳ ಓಡಾಟ ಇದ್ದೇ ಇರುತ್ತದೆ. ಸಮುದ್ರಮಟ್ಟದ ಹತ್ತಿರದವರೆಗೂ ಇಳಿಯುವ ದಾರಿಯಾದ್ದರಿಂದ ಬ್ರೇಕನ್ನು ಒಂದೇ ಸಮ ಹಿಡಿದಿಟ್ಟುಕೊಳ್ಳಬೇಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಿ. ರಿಮ್ ಬ್ರೇಕ್ ಇರುವವರು ನಡುವೆ ಒಂದೆರಡು ಕಡೆ ನಿಂತು ರಿಮ್ ಆರಲು ಬಿಡಿ, ಬೆರಳು ತಾಗಿಸಿ ನೋಡಿದರೆ ಯಾಕೆಂದು ತಿಳಿಯುತ್ತದೆ. ಹೊನ್ನಾವರದಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ, ಮರಳಿ ಘಾಟಿ ಹತ್ತುವ ಮನಸ್ಸಿಲ್ಲದವರು ಅಲ್ಲಿಂದಲೇ ರೈಲು ನೋಡಿಕೊಳ್ಳಬಹುದು. ಹತ್ತಿಯೇ ಬರುತ್ತೇವೆ ಎನ್ನುವವರು ಗೇರುಸೊಪ್ಪೆಯನ್ನು ಬೆಳಿಗ್ಗೆ ಆರಕ್ಕೇ ಬಿಡಿ. ಕರಾವಳಿಯ ಸೆಕೆ ಏರುವ ಮೊದಲು ಅರ್ಧ ಘಾಟಿಯಾದರೂ ಹಿಂದೆ ಬಿದ್ದಿರಬೇಕು.